ಐದನೇ ತಿಂಗಳ ಅಬಾರ್ಷನ್‌ನಲ್ಲಿ ಬ್ಲೀಡಿಂಗ್ ಕೈ ಮೀರದ ಹಾಗೆ ಔಷಧಿ ಬಳಸೋದು ಹೇಗೆ

ರಾತ್ರಿ ಎರಡು ಗಂಟೆಗೆ ಪಿಜಿ (ಸ್ನಾತಕೋತ್ತರ ಓದ್ತಿರೋ ಡಾಕ್ಟರ್) ಫೋನ್ ಮಾಡಿ "ಮೇಡಂ, ಡ್ರಿಪ್ಪಿಗೆ 20 ಯೂನಿಟ್ ಆಕ್ಸಿಟೋಸಿನ್ ಹಾಕಿದೀನಿ, ಆದ್ರೂ ಗರ್ಭಕೋಶ ಗಟ್ಟಿ ಆಗ್ತಾ ಇಲ್ಲ" ಅಂದ್ರೆ ನಾನು ಮೊದಲು ಕೇಳೋದು "ಎಷ್ಟು ವಾರ?" ಅಂತ. 38 ವಾರ ಅಂದ್ರೆ ಒಂದು ಲೆಕ್ಕ, 18 ವಾರ ಅಂದ್ರೆ ಇನ್ನೊಂದು ಲೆಕ್ಕ. ನಮ್ಮ ಹುಡುಗ್ರು ಮೂರು ವರ್ಷ ಲೇಬರ್ ರೂಮಲ್ಲೇ ಬೆಳೆದಿರ್ತಾರೆ, ಅಲ್ಲಿ ಹೆರಿಗೆ ಆದ ತಕ್ಷಣ ಆಕ್ಸಿಟೋಸಿನ್ ಕೊಟ್ರೆ ಗರ್ಭಕೋಶ ಕ್ರಿಕೆಟ್ ಬಾಲ್ ಥರ ಗಟ್ಟಿ ಆಗಿ ರಕ್ತ ನಿಂತುಬಿಡತ್ತೆ, ಅದೇ ನಂಬಿಕೆ ಇಟ್ಕೊಂಡು ಇಲ್ಲಿಗೂ ಬರ್ತಾರೆ. ಆದ್ರೆ ಐದು ತಿಂಗಳ ಗರ್ಭಕೋಶಕ್ಕೆ ಆಕ್ಸಿಟೋಸಿನ್ ಮಾತು ಸರಿಯಾಗಿ ಕೇಳ್ಸಲ್ಲ. ಅದನ್ನ ಹಿಡ್ಕೊಳ್ಳೋ ರಿಸೆಪ್ಟರ್‌ಗಳು ದಿನ ತುಂಬ್ತಾ ತುಂಬ್ತಾ ಜಾಸ್ತಿ ಆಗೋದು, 16-18 ವಾರಕ್ಕೆ ಇನ್ನೂ ಕಮ್ಮಿನೇ. ಪ್ರೋಸ್ಟಾಗ್ಲಾಂಡಿನ್ ಜಾತಿಯ ಔಷಧಿಗಳು, ಅಂದ್ರೆ ಮಿಸೋ (ಮಿಸೋಪ್ರೋಸ್ಟಾಲ್ ಮಾತ್ರೆ), ಕಾರ್ಬೋಪ್ರೋಸ್ಟ್ ಇಂಜೆಕ್ಷನ್, ಇವು ಯಾವ ತಿಂಗಳಲ್ಲೂ ಕೆಲಸ ಮಾಡ್ತವೆ. ಇದೊಂದು ತಲೆಲಿ ಕೂತ್ರೆ ಮುಂದಿನದು ಅರ್ಧ ಸುಲಭ.

ಇದನ್ನ ಬರೀತಿರೋದು ಹೊಸದಾಗಿ ಡ್ಯೂಟಿಗೆ ಸೇರಿರೋ ಡಾಕ್ಟರ್‌ಗಳಿಗೆ, ಪಿಜಿಗಳಿಗೆ, ಓಟಿ ಸಿಸ್ಟರ್‌ಗಳಿಗೆ. ಮನೇಲಿ ಮಾತ್ರೆ ನುಂಗೋಕೆ ದಾರಿ ಹುಡುಕ್ತಾ ಯಾರಾದ್ರೂ ಬಂದಿದ್ರೆ ದಯವಿಟ್ಟು ಬೇಡ. ಮೂರು ತಿಂಗಳು ದಾಟಿದ ಮೇಲೆ ಇದು ಆಸ್ಪತ್ರೆ ಕೆಲಸ. ನಮ್ಮ ಎಂಟಿಪಿ ಕಾನೂನು, ಅಂದ್ರೆ ಗರ್ಭಪಾತದ ಕಾನೂನು, 2021ರಲ್ಲಿ ತಿದ್ದುಪಡಿ ಆದ ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು, 20ರಿಂದ 24 ವಾರದವರೆಗೆ ನಿಯಮದಲ್ಲಿ ಹೇಳಿರೋ ಕೆಲವು ವರ್ಗದ ಹೆಂಗಸರಿಗೆ ಇಬ್ಬರು ಡಾಕ್ಟರ್ ಅಭಿಪ್ರಾಯ ಬೇಕು, 24 ವಾರ ದಾಟಿದ ಮೇಲೆ ಮಗುಗೆ ದೊಡ್ಡ ತೊಂದರೆ ಇದ್ರೆ ಮೆಡಿಕಲ್ ಬೋರ್ಡ್. ಮದುವೆ ಆಗಿಲ್ಲ ಅನ್ನೋ ಕಾರಣಕ್ಕೆ 20-24 ವಾರದಲ್ಲಿ ವಾಪಸ್ ಕಳ್ಸೋ ಹಾಗಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೆಸರು ಹೊರಗೆ ಬಿಡೋ ಹಾಗೂ ಇಲ್ಲ. ಹಾಗಾಗಿ ಕದ್ದು ಮುಚ್ಚಿ ಎಲ್ಲೋ ಮಾಡ್ಸಿಕೊಂಡು ಬ್ಲೀಡಿಂಗ್ ಇಟ್ಕೊಂಡು ಬರೋ ಬದಲು ಸೀದಾ ಬನ್ನಿ, ಸಿಸ್ಟರ್‌ಗಳೂ ಅಷ್ಟೇ, ಬಂದವರ ಮುಖಕ್ಕೆ ಲೆಕ್ಚರ್ ಹೊಡೀಬೇಡಿ. ಇವರಲ್ಲಿ ತುಂಬಾ ಜನ ಐದನೇ ತಿಂಗಳಲ್ಲಿ ಮಗುವಿನ ಅಂಗದೋಷ ನೋಡೋ ಅನಾಮಲಿ ಸ್ಕ್ಯಾನ್‌ನಲ್ಲಿ ಕೆಟ್ಟ ಸುದ್ದಿ ಕೇಳಿ ಬಂದಿರೋರು, ಬೇಕು ಅಂತಲೇ ಬಸಿರಾದೋರು.

ಹಿಂದಿನ ದಿನದ ಕೆಲಸ

ಬ್ಲೀಡಿಂಗ್ ತಡೆಯೋದು ಓಟಿಲಿ ಶುರು ಆಗಲ್ಲ, ಹಿಂದಿನ ದಿನ ವಾರ್ಡಲ್ಲಿ ಶುರು ಆಗತ್ತೆ. ನಾನು ಕೇಸ್ ಶೀಟಿನ ಮೊದಲ ಪುಟದ ಮೇಲ್ಗಡೆ ಕೆಂಪು ಪೆನ್ನಲ್ಲಿ ಐದು ವಿಷಯ ಬರೆಸ್ತೀನಿ: ದಮ್ಮು ಇದೆಯಾ, ಬಿಪಿ ಎಷ್ಟು, ಹಾರ್ಟ್ ತೊಂದರೆ ಇದೆಯಾ, ಹಿಂದೆ ಸಿಜೇರಿಯನ್ ಆಗಿದ್ಯಾ, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು ಉಂಟಾ. ಯಾಕೆ ಅಂದ್ರೆ ನಾಳೆ ರಕ್ತ ಹರೀತಿರೋವಾಗ ಯಾವ ಇಂಜೆಕ್ಷನ್ ಕೊಡ್ಬಹುದು ಯಾವುದು ಕೊಡ್ಬಾರ್ದು ಅನ್ನೋದು ಈ ಐದು ಉತ್ತರದ ಮೇಲೆ ನಿಂತಿರತ್ತೆ, ಆವಾಗ ಕೇಳೋಣ ಅಂದ್ರೆ ಪೇಷಂಟ್ ನಿದ್ದೆಲಿರ್ತಾಳೆ.

ಇದು ನಾನು ಪಿಜಿ ಆಗಿದ್ದಾಗ ಪೆಟ್ಟು ತಿಂದು ಕಲಿತಿದ್ದು. 19 ವಾರದ ಕೇಸ್, ಬ್ಲೀಡಿಂಗ್ ಶುರು ಆಯ್ತು, ನಾನು ಬಹಳ ಬುದ್ಧಿವಂತೆ ಥರ ಕಾರ್ಬೋಪ್ರೋಸ್ಟ್ ಚುಚ್ಚಿದೆ, ಹತ್ತು ನಿಮಿಷಕ್ಕೆ ಎದೆಯಿಂದ ಸುಂಯ್ ಸುಂಯ್ ಅಂತ ಶಬ್ದ. ಬ್ಲೀಡಿಂಗ್ ನಿಲ್ತು, ಉಸಿರು ಕೆಟ್ಟಿತು. ಹೊರಗೆ ಅವರಮ್ಮನ ಕೇಳಿದ್ರೆ "ಚಿಕ್ಕಂದಿನಿಂದ ದಮ್ಮು ಐತಲ್ಲವ್ವ" ಅಂತ ಬ್ಯಾಗಿಂದ ಇನ್‌ಹೇಲರ್ ತೆಗೆದು ತೋರಿಸಿದ್ರು. ಹಿಸ್ಟರಿಲಿ ನನ್ನದೇ ಅಕ್ಷರದಲ್ಲಿ "ಬೇರೆ ಖಾಯಿಲೆ ಏನೂ ಇಲ್ಲ" ಅಂತ ಇತ್ತು. ಆಕೆ ಚೆನ್ನಾಗೇ ಮನೆಗೆ ಹೋದಳು, ಆದ್ರೆ ಆ ಇನ್‌ಹೇಲರ್ ಬಣ್ಣ ನನಗೆ ಇವತ್ತಿಗೂ ನೆನಪಿದೆ. "ಅಸ್ತಮಾ ಇದೆಯಾ" ಅಂತ ಕೇಳ್ಬೇಡಿ, ಬಹಳ ಜನಕ್ಕೆ ಆ ಪದ ಗೊತ್ತಿರಲ್ಲ, "ಚಳಿಗಾಲದಲ್ಲಿ ದಮ್ಮು, ಉಬ್ಬಸ ಬರತ್ತಾ, ಪಂಪ್ ಎಳ್ಕೋತೀರಾ" ಅಂತ ಕೇಳಿ.

ಹಿಮೋಗ್ಲೋಬಿನ್ ನೋಡಿ, ಬ್ಲಡ್ ಗ್ರೂಪ್ ನೋಡಿ, ರಕ್ತ ರಿಸರ್ವ್ ಮಾಡ್ಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ರಕ್ತಹೀನತೆ, ಶೇಕಡಾ 52. ಹಿಮೋಗ್ಲೋಬಿನ್ 12 ಇರೋಳಿಗೆ 500 ಎಂಎಲ್ ಹೋದ್ರೆ ತಲೆ ಸುತ್ತತ್ತೆ, 7 ಇರೋಳಿಗೆ ಅಷ್ಟೇ ಹೋದ್ರೆ ಕಥೆ ಬೇರೆ. ಪುಸ್ತಕದಲ್ಲಿ 500 ದಾಟಿದ್ರೆ ಹೆಮರೇಜ್ ಅಂತ ಇದೆ, 42 ಕೆಜಿ ತೂಕದ ರಕ್ತ ಕಮ್ಮಿ ಇರೋ ಹುಡುಗಿಗೆ ನಾನು ಅಷ್ಟರವರೆಗೆ ಕಾಯಲ್ಲ.

ಆಮೇಲೆ ಸ್ಕ್ಯಾನ್ ರಿಪೋರ್ಟಲ್ಲಿ ಮಾಸು ಎಲ್ಲಿದೆ ಅಂತ ಓದಿ. ಹಿಂದೆ ಸಿಜೇರಿಯನ್ ಆಗಿದ್ದು, ಮಾಸು ಮುಂದುಗಡೆ ಕೆಳಗೆ ಹಳೆ ಹೊಲಿಗೆ ಮೇಲೆ ಕೂತಿದ್ರೆ ಅಲ್ಲೇ ನಿಂತ್ಕೊಳ್ಳಿ. ಮಾಸು ಗರ್ಭಕೋಶದ ಗೋಡೆಗೆ ಬೇರು ಬಿಟ್ಟಿರೋ ಅಕ್ರೀಟಾ ಇರ್ಬಹುದು, ಅದನ್ನ ಯಾವ ಇಂಜೆಕ್ಷನ್ನೂ ತಡೆಯಲ್ಲ, ಅಂಥ ಕೇಸ್ ಬ್ಲಡ್ ಬ್ಯಾಂಕ್, ಸೀನಿಯರ್ ಸರ್ಜನ್ ಎಲ್ಲಾ ಇರೋ ದೊಡ್ಡ ಆಸ್ಪತ್ರೆಗೆ ಹಗಲು ಹೊತ್ತಲ್ಲೇ ಹೋಗ್ಬೇಕು. ಔಷಧಿ ಗೆಲ್ಲೋದು ಗರ್ಭಕೋಶ ಸಡಿಲ ಆಗಿ ರಕ್ತ ಬರೋವಾಗ ಮಾತ್ರ. ಗರ್ಭಕೋಶದ ಬಾಯಿ ಹರಿದಿದ್ರೆ, ಒಳಗೆ ಚೂರು ಉಳಿದಿದ್ರೆ, ರಕ್ತ ಹೆಪ್ಪುಗಟ್ಟೋ ಗುಣನೇ ಕೆಟ್ಟಿದ್ರೆ ಅದು ಬೇರೆ ಯುದ್ಧ.

ಬಾಯಿ ಹರಿಯೋದನ್ನ ತಪ್ಪಿಸೋದೂ ಹಿಂದಿನ ದಿನದ ಕೆಲಸನೇ. ಡಿ ಅಂಡ್ ಇ, ಅಂದ್ರೆ ಬಾಯಿ ಅಗಲ ಮಾಡಿ ಉಪಕರಣದಿಂದ ಗರ್ಭ ಹೊರತೆಗೆಯೋದು, ಮಾಡೋದಿದ್ರೆ ಗರ್ಭಕೋಶದ ಬಾಯಿ ನಿಧಾನಕ್ಕೆ ಮೆತ್ತಗಾಗಿ ತೆರೀಬೇಕು. ಹಿಂದಿನ ರಾತ್ರಿ ನೀರು ಹೀರಿ ಉಬ್ಬಿ ಬಾಯಿ ತೆರೆಯೋ ಲ್ಯಾಮಿನೇರಿಯಾ ಕಡ್ಡಿ ಅಥವಾ ಡೈಲಾಪಾನ್, ಜತೆಗೆ ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಅಥವಾ ಮಿಸೋ, ವಾರ ನೋಡ್ಕೊಂಡು. ಆತುರಕ್ಕೆ ಬೆಳಿಗ್ಗೆ ಬಂದು ಲೋಹದ ಡೈಲೇಟರ್ ಹಾಕಿ ಬಲವಂತವಾಗಿ ಅಗಲ ಮಾಡಿದ್ರೆ ಬಾಯಿ ಸೀಳತ್ತೆ, ಆಮೇಲೆ ಗರ್ಭಕೋಶ ಗಟ್ಟಿ ಇದ್ರೂ ರಕ್ತ ಹರೀತಾನೇ ಇರತ್ತೆ, ಎಲ್ರೂ ಗರ್ಭಕೋಶ ಗಟ್ಟಿ ಮಾಡೋ ಇಂಜೆಕ್ಷನ್ ಮೆಥರ್ಜಿನ್ ಮೆಥರ್ಜಿನ್ ಅಂತ ಕೂಗ್ತಿರ್ತಾರೆ.

ಅರಿವಳಿಕೆ ಡಾಕ್ಟರ್ ಜತೆ ಎರಡು ಮಾತು

ಇದನ್ನ ಬಹಳ ಜನ ಮಾತೇ ಆಡಲ್ಲ. ಹ್ಯಾಲೋಥೇನ್, ಐಸೋಫ್ಲೂರೇನ್, ಸೆವೋಫ್ಲೂರೇನ್ ಥರ ಗ್ಯಾಸ್ ಅರಿವಳಿಕೆ ಗರ್ಭಕೋಶನ ಸಡಿಲ ಮಾಡತ್ತೆ. ನೀವು ಒಂದು ಕಡೆ ಗಟ್ಟಿ ಮಾಡೋಕೆ ಔಷಧಿ ಓಡಿಸ್ತಿದ್ರೆ ಇನ್ನೊಂದು ಕಡೆ ಮೆಷಿನ್‌ನಿಂದ ಸಡಿಲ ಮಾಡೋ ಔಷಧಿ ಹೋಗ್ತಿರತ್ತೆ, ಹಗ್ಗ ಜಗ್ಗಾಟ. ಪ್ರೊಪೋಫಾಲ್, ಫೆಂಟನಿಲ್, ಮಿಡಾಜೋಲಾಂ ಥರ ನರಕ್ಕೆ (ರಕ್ತನಾಳಕ್ಕೆ, ಐವಿ) ಕೊಡೋದ್ರಲ್ಲೇ ಆದ್ರೆ ಒಳ್ಳೇದು, ಗ್ಯಾಸ್ ಬೇಕೇ ಬೇಕು ಅಂದ್ರೆ ಆದಷ್ಟು ಕಮ್ಮಿ. ಕೇಸ್ ಶುರು ಮಾಡೋ ಮುಂಚೆ "ಸರ್, ಇದು 20 ವಾರ, ಗ್ಯಾಸ್ ಬಿಟ್ಟು ಮಾಡೋಣವಾ, ನಾನು ವಾಸೋಪ್ರೆಸಿನ್ ಹಾಕ್ತೀನಿ" ಅಂತ ಹೇಳ್ಬಿಡಿ. ಆ ಎರಡನೇ ಅರ್ಧ ಹೇಳಲೇಬೇಕು, ಯಾಕೆ ಅಂತ ಈಗ ಹೇಳ್ತೀನಿ.

ವಾಸೋಪ್ರೆಸಿನ್, ಮತ್ತೆ ಸಿರಿಂಜ್ ಲೆಕ್ಕ

ಡಿ ಅಂಡ್ ಇಲಿ ಬ್ಲೀಡಿಂಗ್ ತಡೆಯೋಕೆ ನನಗೆ ಬಹಳ ನಂಬಿಕೆ ಇರೋದು ಪ್ಯಾರಾಸರ್ವಿಕಲ್ ಬ್ಲಾಕ್ (ಗರ್ಭಕೋಶದ ಬಾಯಿ ಸುತ್ತ ಮರಗಟ್ಟಿಸೋ ಇಂಜೆಕ್ಷನ್) ಜತೆ ಬೆರೆಸೋ ವಾಸೋಪ್ರೆಸಿನ್ ಮೇಲೆ. ಇದು ಹೊಸದೇನಲ್ಲ, 1985ರಲ್ಲೇ ಟ್ರಯಲ್ ಮಾಡಿ ಬ್ಲೀಡಿಂಗ್ ಕಮ್ಮಿ ಆಗತ್ತೆ, ವಾರ ಜಾಸ್ತಿ ಆದಷ್ಟೂ ಲಾಭ ಜಾಸ್ತಿ ಅಂತ ತೋರಿಸಿದ್ರು. ರಕ್ತನಾಳ ಮುದುಡತ್ತೆ, ಗರ್ಭಕೋಶನೂ ಬಿಗಿ ಆಗತ್ತೆ. ಡೋಸ್ 4 ಯೂನಿಟ್, ಹೆಚ್ಚು ಅಂದ್ರೆ 8.

ತಪ್ಪಾಗೋದು ಅಳತೆಲಿ. ನಮ್ಮಲ್ಲಿ ಸಾಮಾನ್ಯವಾಗಿ ಬರೋ ಆಂಪೂಲ್ 1 ಎಂಎಲ್‌ಗೆ 20 ಯೂನಿಟ್. 4 ಯೂನಿಟ್ ಅಂದ್ರೆ 0.2 ಎಂಎಲ್. ಅಷ್ಟು ಚಿಕ್ಕದು ಅಳಿಯೋಕೆ ಯಾರೋ ಇನ್ಸುಲಿನ್ ಸಿರಿಂಜ್ ತಂದುಕೊಡ್ತಾರೆ, ಅದರ ಮೇಲೂ "ಯೂನಿಟ್" ಅಂತಾನೇ ಬರ್ದಿರತ್ತೆ, 4ರ ಗೆರೆವರೆಗೆ ಎಳೆದುಬಿಡ್ತಾರೆ. ಆದ್ರೆ ಆ ಗೆರೆ ಇನ್ಸುಲಿನ್ ಯೂನಿಟ್‌ದು, ವಾಸೋಪ್ರೆಸಿನ್‌ದಲ್ಲ. ಕೆಂಪು ಮುಚ್ಚಳದ 40ರ ಸಿರಿಂಜಲ್ಲಿ 0.2 ಎಂಎಲ್ ಅಂದ್ರೆ 8ರ ಗೆರೆ, 100ರ ಸಿರಿಂಜಲ್ಲಿ 20ರ ಗೆರೆ. ಒಂದರಲ್ಲಿ ಎಳೆದ ಅಭ್ಯಾಸಕ್ಕೆ ಇನ್ನೊಂದರಲ್ಲೂ ಎಳೆದ್ರೆ ಎರಡೂವರೆ ಪಟ್ಟು ಫರಕ್. ಅದಕ್ಕೆ ಇನ್ಸುಲಿನ್ ಸಿರಿಂಜನ್ನ ಆ ಟೇಬಲ್ ಹತ್ರಾನೇ ಬಿಡ್ಬೇಡಿ. ಒಂದು ಆಂಪೂಲನ್ನ 19 ಎಂಎಲ್ ಸಲೈನ್‌ಗೆ ಹಾಕಿ 20 ಎಂಎಲ್ ಮಾಡ್ಕೊಳ್ಳಿ, ಈಗ 1 ಎಂಎಲ್‌ಗೆ 1 ಯೂನಿಟ್, ಮಗುಗೂ ಅರ್ಥ ಆಗೋ ಲೆಕ್ಕ. ಸಿರಿಂಜ್ ಮೇಲೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೀರಿ. ಅದರಿಂದ 4 ಎಂಎಲ್ ತಗೊಳ್ಳಿ.

ಆ ಬ್ಲಾಕ್‌ನಲ್ಲಿ ಮರಗಟ್ಟಿಸೋ ಔಷಧಿ ಲಿಗ್ನೋಕೇನ್‌ಗೂ ಲೆಕ್ಕ ಇದೆ. ಪುಸ್ತಕದಲ್ಲಿ 1 ಪರ್ಸೆಂಟ್ 20 ಎಂಎಲ್ ಅಂತ ಇರತ್ತೆ, ಅಂದ್ರೆ 200 ಮಿಲಿಗ್ರಾಂ. ಬರೀ ಲಿಗ್ನೋಕೇನ್‌ಗೆ ಕೆಜಿಗೆ 4.5 ಮಿಲಿಗ್ರಾಂ ಮೇಲೆ ಹೋಗ್ಬಾರ್ದು, 42 ಕೆಜಿಯವಳಿಗೆ 189ಕ್ಕೇ ಮುಗೀತು. ನಮ್ಮ ಕಡೆ ಹೆಣ್ಮಕ್ಕಳ ತೂಕ ನೋಡಿ ಆ ಪುಸ್ತಕ ಬರ್ದಿಲ್ಲ. ನಾನು 2 ಪರ್ಸೆಂಟ್ ಲಿಗ್ನೋಕೇನ್ 8 ಎಂಎಲ್, ಅಂದ್ರೆ 160 ಮಿಲಿಗ್ರಾಂ, ಅದಕ್ಕೆ ವಾಸೋಪ್ರೆಸಿನ್ ನೀರು 4 ಎಂಎಲ್, ಸಲೈನ್ 4 ಎಂಎಲ್, ಒಟ್ಟು 16 ಎಂಎಲ್ ಮಾಡ್ಕೋತೀನಿ. ಟೆನಾಕುಲಂ (ಗರ್ಭಕೋಶದ ಬಾಯಿ ಹಿಡಿಯೋ ಇಕ್ಕಳ) ಹಾಕೋ ಜಾಗಕ್ಕೆ 2 ಎಂಎಲ್, ಉಳಿದಿದ್ದು ಗಡಿಯಾರದ 4 ಮತ್ತು 8ರ ಜಾಗದಲ್ಲಿ ನಿಧಾನವಾಗಿ. ಪ್ರತಿ ಸಲ ಸೂಜಿ ಹಾಕಿದ ಮೇಲೆ ಹಿಂದಕ್ಕೆ ಎಳೆದು ರಕ್ತ ಬರತ್ತಾ ನೋಡಿ. ರಕ್ತನಾಳದ ಒಳಗೆ ಸೀದಾ ಹೋದ್ರೆ ವಾಸೋಪ್ರೆಸಿನ್ ಬಿಪಿ ಏರಿಸಿ ನಾಡಿ ಬೀಳಿಸತ್ತೆ, ಹಾರ್ಟ್ ನಿಂತಿರೋ ಉದಾಹರಣೆಗಳೂ ಇವೆ. ಅರಿವಳಿಕೆ ಡಾಕ್ಟರ್‌ಗೆ ಮುಂಚೇನೇ ಗೊತ್ತಿದ್ರೆ ಮಾನಿಟರ್ ಮೇಲೆ ಕಣ್ಣಿಟ್ಟಿರ್ತಾರೆ, ಗೊತ್ತಿಲ್ದಿದ್ರೆ ಇದ್ದಕ್ಕಿದ್ದ ಹಾಗೆ ನಾಡಿ 38 ಯಾಕಾಯ್ತು ಅಂತ ಹುಡುಕ್ತಾ ಕೂರ್ತಾರೆ. ಹಾರ್ಟ್ ಖಾಯಿಲೆ, ಬಿಪಿ ಜಾಸ್ತಿ ಇರೋರಿಗೆ ಇದು ಬೇಡ. ಇನ್ನೊಂದು, ಇದರ ಪವರ್ ಬೇಗ ಇಳಿಯತ್ತೆ, ಟೇಬಲ್ ಮೇಲೆ ಒಣಗಿದ ಹಾಗೆ ಕಂಡ್ರೂ ವಾರ್ಡಿಗೆ ಹೋದ ಮೇಲೆ ಮತ್ತೆ ಶುರು ಆಗ್ಬಹುದು, ಅದಕ್ಕೇ ರಿಕವರಿಲಿ ಬಿಟ್ಟು ಹೋಗ್ಬೇಡಿ.

ಆಕ್ಸಿಟೋಸಿನ್ ಹಾಗಾದ್ರೆ ಬೇಡ್ವಾ

ಬೇಡ ಅಂತಲ್ಲ. ಶುರುವಲ್ಲಿ ಬೈದಿದ್ದು ಅದೊಂದನ್ನೇ ನಂಬೋದಕ್ಕೆ. ಅಮೆರಿಕದಲ್ಲಿ 18ರಿಂದ 24 ವಾರದ 160 ಹೆಂಗಸರ ಮೇಲೆ ಮಾಡಿದ ಟ್ರಯಲ್ 2019ರಲ್ಲಿ ಬಂತು, ಸ್ಪೆಕ್ಯುಲಂ (ಯೋನಿ ತೆರೆದಿಡೋ ಉಪಕರಣ) ಹಾಕೋವಾಗಲೇ 500 ಎಂಎಲ್ ಡ್ರಿಪ್‌ನಲ್ಲಿ 30 ಯೂನಿಟ್ ಶುರು ಮಾಡಿದ್ರು. ಅಳತೆ ಮಾಡಿದ ರಕ್ತ ಕಮ್ಮಿ ಆಯ್ತು, ಹೆಮರೇಜ್ ಆದವರೂ ಕಮ್ಮಿ. ಆದ್ರೆ ಬ್ಲೀಡಿಂಗ್ ನಿಲ್ಸೋಕೆ ಬೇರೆ ಚಿಕಿತ್ಸೆ ಬೇಕಾದವರ ಲೆಕ್ಕದಲ್ಲಿ ಗಟ್ಟಿ ವ್ಯತ್ಯಾಸ ಕಾಣ್ಲಿಲ್ಲ. ನನ್ನ ಲೆಕ್ಕಕ್ಕೆ, ರಕ್ತ ಕಮ್ಮಿ ಇರೋ ಹೆಂಗಸರಿಗೆ 150 ಎಂಎಲ್ ಉಳಿದ್ರೂ ಲಾಭಾನೇ, ಹಾಗಾಗಿ 18 ವಾರ ದಾಟಿದವರಿಗೆ ನಾನು ಹಾಕ್ತೀನಿ. ಗಮನಿಸಬೇಕಾದ್ದು ಅವರು ಯಾವಾಗ ಶುರು ಮಾಡಿದ್ರು ಅನ್ನೋದು. ಕೊನೇಲಿ ಎಲ್ಲಾ ಮುಗಿದ ಮೇಲೆ ಅಲ್ಲ, ಶುರುವಲ್ಲೇ.

ನಮ್ಮ ಆಂಪೂಲ್ 5 ಯೂನಿಟ್‌ದು, 30 ಅಂದ್ರೆ ಆರು ಆಂಪೂಲ್. ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್‌ಗೆ ಹಾಕಿ, ಬರೀ ಡೆಕ್ಸ್‌ಟ್ರೋಸ್ ಬಾಟ್ಲಿಗೆ ಬೇಡ, ಬಾಟ್ಲಿ ಮೇಲೆ ಬಾಟ್ಲಿ ಓಡಿದ್ರೆ ಮೈಯಲ್ಲಿ ನೀರು ತುಂಬಿ ಸೋಡಿಯಂ ಬಿದ್ದು ಫಿಟ್ಸ್ ಬಂದಿರೋದುಂಟು. ನರಕ್ಕೆ ಒಂದೇ ಸಲ ಪುಶ್ ಮಾಡ್ಬೇಡಿ, ಬಿಪಿ ಧೊಪ್ ಅಂತ ಬೀಳತ್ತೆ, ಮೊದಲೇ ರಕ್ತ ಹೋಗಿರೋಳಿಗೆ ಅಷ್ಟೇ ಸಾಕು.

ಆಮೇಲೆ ಫ್ರಿಜ್. ಆಕ್ಸಿಟೋಸಿನ್, ಮೆಥರ್ಜಿನ್, ಕಾರ್ಬೋಪ್ರೋಸ್ಟ್ ಮೂರೂ 2ರಿಂದ 8 ಡಿಗ್ರಿಲಿ ಇರ್ಬೇಕು. ಏಪ್ರಿಲ್ ತಿಂಗಳಲ್ಲಿ ರಾಯಚೂರು ಕಲಬುರಗಿ ಕಡೆ ಟ್ರಾಲಿ ಮೇಲೆ ಮೂರು ದಿನ ಬಿದ್ದಿರೋ ಆಂಪೂಲ್ ಚುಚ್ಚಿ ಗರ್ಭಕೋಶ ಗಟ್ಟಿ ಆಗ್ಲಿಲ್ಲ ಅಂದ್ರೆ ಗರ್ಭಕೋಶದ ತಪ್ಪಲ್ಲ. ಮೆಥರ್ಜಿನ್‌ಗೆ ಬೆಳಕೂ ಆಗಲ್ಲ, ಬಣ್ಣ ತಿರುಗಿದ್ರೆ ಬಿಸಾಕಿ. ಇನ್ನೊಂದು ಸಮಸ್ಯೆ ಬೀಗದ ಕೈ. ನಾನು ಕೆಲಸ ಮಾಡಿದ ಒಂದು ಕಡೆ ಫ್ರಿಜ್‌ಗೆ ಬೀಗ, ಬೀಗದ ಕೈ ಇನ್‌ಚಾರ್ಜ್ ಸಿಸ್ಟರ್ ಹತ್ರ, ಸಿಸ್ಟರ್ ಊಟಕ್ಕೆ ಹೋಗಿದ್ರು, ಅಷ್ಟೇ, ಮುಂದೆ ನೀವೇ ಊಹಿಸ್ಕೊಳ್ಳಿ. ಕೇಸ್ ಶುರು ಆಗೋ ಮುಂಚೆ ಐಸ್ ಪ್ಯಾಕ್ ಇಟ್ಟ ಚಿಕ್ಕ ಡಬ್ಬಿಲಿ ಎಲ್ಲಾ ಆಂಪೂಲ್ ಓಟಿ ಒಳಗೆ ಬಂದಿರ್ಬೇಕು.

ಆಕ್ಸಿಟೋಸಿನ್ ಅಂದಾಗ ನೆನಪಾಯ್ತು, ಹಸು ಎಮ್ಮೆಗೆ ಹಾಲು ಇಳಿಸೋಕೆ ಚುಚ್ತಾರೆ ಅಂತ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನ ಮಾಡೋದನ್ನೇ ನಿಲ್ಲಿಸಿ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಒಂದಕ್ಕೇ ಬಿಡೋಕೆ ಹೊರಟಿತ್ತು, ಇಡೀ ದೇಶದ ಹೆರಿಗೆ ಒಂದು ಕಾರ್ಖಾನೆ ಮೇಲೆ. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಆವಾಗ ನಮ್ಮ ಸ್ಟೋರ್ ಕೀಪರ್ ಮುಖ ನೋಡ್ಬೇಕಿತ್ತು.

ಮೆಥರ್ಜಿನ್ ಅನ್ನೋ ಅಭ್ಯಾಸ

ಮುಗಿದ ತಕ್ಷಣ ಒಂದು ಮೆಥರ್ಜಿನ್, ಇದು ನಮ್ಮಲ್ಲಿ ಊಟ ಆದ ಮೇಲೆ ಎಲೆ ಅಡಿಕೆ ಥರ. ಆದ್ರೆ 20 ವಾರ ದಾಟಿದ ಡಿ ಅಂಡ್ ಇಲಿ ಎಲ್ರಿಗೂ ಮುಂಚಿತವಾಗಿ ಕೊಟ್ಟು ಪ್ಲಸೀಬೋ (ಔಷಧಿ ಇಲ್ಲದ ಇಂಜೆಕ್ಷನ್) ಜತೆ ಹೋಲಿಸಿ ನೋಡಿದಾಗ ಲಾಭ ಕಾಣ್ಲಿಲ್ಲ. ಹಾಗಾಗಿ ತಡೆಯೋಕೆ ಅಂತ ಸುಮ್ನೆ ಕೊಡೋದು ನಾನು ಬಿಟ್ಟಿದೀನಿ, ಬ್ಲೀಡಿಂಗ್ ಶುರು ಆದಾಗ ಚಿಕಿತ್ಸೆಗೆ 0.2 ಮಿಲಿಗ್ರಾಂ ಮಾಂಸಖಂಡಕ್ಕೆ ಕೊಡ್ತೀನಿ, ಅದೂ ಬಿಪಿ ನೋಡಿದ ಮೇಲೆ. ಬಿಪಿ ಜಾಸ್ತಿ ಇರೋಳು, ಹಾರ್ಟ್ ವಾಲ್ವ್ ತೊಂದರೆ ಇರೋಳು ಅಂದ್ರೆ ಮುಟ್ಬೇಡಿ. ಸೀನಿಯರ್‌ಗಳು ಒಪ್ಪಲ್ಲ ಗೊತ್ತು, ಜಗಳ ಆಡ್ಬೇಡಿ, ಬಿಪಿ ಎಷ್ಟಿದೆ ಸರ್ ಅಂತ ಮಾತ್ರ ಕೇಳಿ.

ಡಿ ಅಂಡ್ ಇ ಅಲ್ಲದೆ ಮಾತ್ರೆಲಿ ಮಾಡೋವಾಗ

ನಿಜ ಹೇಳ್ಬೇಕಂದ್ರೆ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿ ಅಂಡ್ ಇ ಕೈ ಇರೋರು ಕಮ್ಮಿ, ಹೆಚ್ಚಿನದು ಮಾತ್ರೆಲೇ ಆಗತ್ತೆ. ನಮ್ಮ ಮೇಡಂಗಳ ಕಾಲದಲ್ಲಿ ಗರ್ಭಕೋಶಕ್ಕೆ ಫೋಲೀಸ್ ಟ್ಯೂಬ್ ಹಾಕಿ ಎಮ್‌ಕ್ರೆಡಿಲ್ ಅನ್ನೋ ದ್ರಾವಣ ಬಿಡೋರು, ಹಳದಿ ಬಣ್ಣ ಬೆಡ್‌ಶೀಟ್ ತುಂಬಾ. ಈಗ ಮಿಫೆಪ್ರಿಸ್ಟೋನ್ 200, ಒಂದೆರಡು ದಿನ ಬಿಟ್ಟು ಮಿಸೋ 400 ಮೈಕ್ರೋಗ್ರಾಂ ಮೂರು ಗಂಟೆಗೊಂದು ಸಲ, ಆಸ್ಪತ್ರೆ ಬೆಡ್ ಮೇಲೆ. ಮಿಫೆ ಕೊಟ್ಟು ಕಾಯೋ ಆ ಒಂದು ದಿನವನ್ನ ಬೆಡ್ ಇಲ್ಲ ಅಂತ ಕಳೀಬೇಡಿ, ಅದರಿಂದ ಒಟ್ಟು ಹೊತ್ತು ಬಹಳ ಕಮ್ಮಿ ಆಗತ್ತೆ. ಹಿಂದೆ ಸಿಜೇರಿಯನ್ ಆಗಿರೋರಲ್ಲಿ ಹೊಲಿಗೆ ಬಿಡೋ ಅಪಾಯ ಚಿಕ್ಕದು, ಆದ್ರೆ ಇದೆ, ಅವರನ್ನ ಮೂಲೆ ಬೆಡ್‌ಗೆ ಹಾಕ್ಬೇಡಿ.

ಇಲ್ಲಿ ಬ್ಲೀಡಿಂಗ್ ಆಗೋದು ಬಹುಪಾಲು ಒಂದೇ ಜಾಗದಲ್ಲಿ: ಭ್ರೂಣ ಹೊರಗೆ ಬಂದಿದೆ, ಮಾಸು ಬಂದಿಲ್ಲ. ಹೆರಿಗೆಲಿ ಎಲ್ರೂ ತಪ್ಪದೆ ಕೊಡೋ ಆಕ್ಸಿಟೋಸಿನ್ ಇಂಜೆಕ್ಷನ್ ಇಲ್ಲಿ ಮರೆತುಬಿಡ್ತಾರೆ, ಅಬಾರ್ಷನ್ ತಾನೇ ಅಂತ. ಆಸ್ಟ್ರೇಲಿಯಾದಿಂದ 2009ರಲ್ಲಿ ಬಂದ ಒಂದು ಸ್ಟಡಿಲಿ ಭ್ರೂಣ ಬಂದ ಮೇಲೆ 10 ಯೂನಿಟ್ ಆಕ್ಸಿಟೋಸಿನ್ ಮಾಂಸಖಂಡಕ್ಕೆ ಕೊಟ್ಟವರಲ್ಲಿ ಮಾಸು ಒಳಗೇ ಉಳಿಯೋದು ಬಹಳ ಕಮ್ಮಿ ಆಯ್ತು, ರಕ್ತನೂ ಕಮ್ಮಿ ಹೋಯ್ತು, ಮಿಸೋ ನುಂಗೋಕೆ ಕೊಟ್ಟವರಲ್ಲಿ ಆ ಲಾಭ ಸಿಗ್ಲಿಲ್ಲ. ನಾನು ಶುರುವಲ್ಲಿ ಹೇಳಿದ್ದಕ್ಕೆ ಉಲ್ಟಾ ಅನ್ಸತ್ತೆ ಅಲ್ವಾ? ಮಿಸೋ ಆಗಲೇ ಗಂಟೆಗಟ್ಲೆ ಕೆಲಸ ಮಾಡಿ ಗರ್ಭಕೋಶನ ಎಬ್ಬಿಸಿಟ್ಟಿರತ್ತೆ, ಎಬ್ಬಿಸಿದ ಮೇಲೆ ಆಕ್ಸಿಟೋಸಿನ್‌ಗೂ ಓಗೊಡತ್ತೆ ಅಂತ ನನ್ನ ಅಂದಾಜು. ಎರಡು ಆಂಪೂಲ್, ಮಾಂಸಖಂಡಕ್ಕೆ, ಅಷ್ಟೇ ಕೆಲಸ. ಇಂಜೆಕ್ಷನ್ ಮುಂಚೇನೇ ಟ್ರೇಲಿ ಎಳೆದಿಡ್ಬೇಡಿ, ಆಂಪೂಲ್ ಇಟ್ಕೊಂಡಿರಿ, ಭ್ರೂಣ ಪೂರ್ತಿ ಹೊರಗೆ ಬಂದ ಮೇಲೆ ಒಡೀರಿ, ಯಾಕಂದ್ರೆ ಮುಂಚೆ ಯಾರಾದ್ರೂ ಕೊಟ್ಟುಬಿಟ್ರೆ ಮಿಸೋ ಮೇಲೆ ಆಕ್ಸಿಟೋಸಿನ್, ಹಳೆ ಹೊಲಿಗೆ ಇರೋಳಿಗೆ ಅದು ಭಾರಿ ಆಗತ್ತೆ.

ಮಾಸು ಬರ್ಲಿಲ್ಲ, ಬ್ಲೀಡಿಂಗೂ ಇಲ್ಲ ಅಂದ್ರೆ ಹಗ್ಗ ಎಳೆದ ಹಾಗೆ ಹೊಕ್ಕುಳುಬಳ್ಳಿ ಎಳೀಬೇಡಿ, ಈ ತಿಂಗಳಲ್ಲಿ ಅದು ದಾರದ ಹಾಗೆ ಕಿತ್ತು ಬರತ್ತೆ. ಮೂತ್ರ ಖಾಲಿ ಮಾಡ್ಸಿ, ಕೂರಿಸಿ, ಇನ್ನೊಂದು ಡೋಸ್ ಮಿಸೋ ಕೊಟ್ಟು ಕಾಯಿರಿ, ನಾಡಿ ನೋಡ್ತಾ ಇರಿ. ಬ್ಲೀಡಿಂಗ್ ಶುರು ಆಯ್ತೋ, ಕಾಯೋದು ಮುಗೀತು, ಓಟಿಗೆ.

ಟ್ರನೆಕ್ಸಾಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ

ಇದು ಗರ್ಭಕೋಶನ ಗಟ್ಟಿ ಮಾಡಲ್ಲ, ಕಟ್ಟಿದ ಹೆಪ್ಪು ಕರಗದ ಹಾಗೆ ನೋಡ್ಕೊಳ್ಳತ್ತೆ. 21 ದೇಶದ 20 ಸಾವಿರ ಹೆಂಗಸರ ಮೇಲೆ ಆದ ವುಮನ್ ಟ್ರಯಲ್ 2017ರಲ್ಲಿ ಬಂತು, ಹೆರಿಗೆ ಬ್ಲೀಡಿಂಗ್‌ನಲ್ಲಿ ಮೂರು ಗಂಟೆ ಒಳಗೆ ಕೊಟ್ರೆ ಬ್ಲೀಡಿಂಗ್‌ನಿಂದ ಸಾಯೋರು ಕಮ್ಮಿ ಆದ್ರು. ಐದನೇ ತಿಂಗಳ ಅಬಾರ್ಷನ್‌ಗೆ ಅದನ್ನ ಅಲ್ಲಿಂದ ಎರವಲು ತಂದಿದೀವಿ ಅಷ್ಟೇ, ಹಾಗಾಗಿ ಎಲ್ರಿಗೂ ಮುಂಚಿತವಾಗಿ ಕೊಡೋದಿಲ್ಲ, ಬ್ಲೀಡಿಂಗ್ ಶುರು ಆದ ಕೂಡಲೇ 1 ಗ್ರಾಂ, ಅಂದ್ರೆ 500ರ ಎರಡು ಆಂಪೂಲ್, ನರಕ್ಕೆ ಹತ್ತು ನಿಮಿಷ ತಗೊಂಡು. ಅರ್ಧ ಗಂಟೆ ಆದ್ರೂ ನಿಲ್ದಿದ್ರೆ ಇನ್ನೊಂದು ಸಲ. ಹಿಂದೆ ರಕ್ತ ಹೆಪ್ಪುಗಟ್ಟಿದ ಹಿಸ್ಟರಿ ಇದ್ರೆ ಬೇಡ.

ಎಚ್ಚರಿಕೆ ಇದು: ಬೆನ್ನಿಗೆ ಕೊಡೋ ಸ್ಪೈನಲ್ ಅರಿವಳಿಕೆಗೆ ಬಳಸೋ ಬುಪಿವಕೇನ್ ಆಂಪೂಲ್ ಜತೆ ಇದನ್ನ ಒಂದೇ ಟ್ರೇಲಿ ಇಡ್ಬೇಡಿ. ನೋಡೋಕೆ ಒಂದೇ ಥರ ಇರೋ ಬ್ರಾಂಡ್‌ಗಳಿವೆ, ತಪ್ಪಿ ಬೆನ್ನಿಗೆ ಹೋದ್ರೆ ಫಿಟ್ಸ್ ಬಂದು ಪ್ರಾಣ ಹೋಗತ್ತೆ, ಜಗತ್ತಲ್ಲಿ ಅಂಥ ಸಾವುಗಳು ಆಗಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಲ್ರಿಗೂ ಎಚ್ಚರಿಕೆ ಕೊಡ್ತು. ಟ್ರನೆಕ್ಸಾ ಅರಿವಳಿಕೆ ಟ್ರಾಲಿ ಮೇಲೇ ಇರ್ಬಾರ್ದು, ನನ್ನ ಬ್ಲೀಡಿಂಗ್ ಡಬ್ಬಿಲಿರತ್ತೆ.

ಇಷ್ಟೆಲ್ಲಾ ಮಾಡಿದ್ರೂ ಹರೀತಿದ್ರೆ

ಮೊದಲು ಜೋರಾಗಿ ಹೇಳಿ, "ಬ್ಲೀಡಿಂಗ್ ಜಾಸ್ತಿ ಇದೆ, ಟೈಮ್ ನೋಡಿ" ಅಂತ. ಮನಸ್ಸಲ್ಲೇ ಇಟ್ಕೊಂಡು ಇನ್ನೊಂದು ನಿಮಿಷ ನೋಡೋಣ ಅನ್ನೋ ರೋಗ ನಮ್ಮಲ್ಲಿ ಜಾಸ್ತಿ. ಕೈಯಿಂದ ಹೊಟ್ಟೆ ಮೇಲಿಂದ, ಒಳಗಿಂದ ಗರ್ಭಕೋಶ ಹಿಡಿದು ಒತ್ತಿ, ಇನ್ನೊಬ್ಬರು ಎರಡನೇ ಡ್ರಿಪ್ ಹಾಕ್ಲಿ, ಮತ್ತೊಬ್ಬರು ಬಾಯಿ ಹರಿದಿದ್ಯಾ ಅಂತ ಲೈಟ್ ಹಾಕಿ ನೋಡ್ಲಿ, ಒಳಗೆ ಚೂರು ಉಳಿದಿದ್ರೆ ಸಕ್ಷನ್. ಔಷಧಿಲಿ ನನ್ನ ಕ್ರಮ: ಮಿಸೋ 800 ಮೈಕ್ರೋಗ್ರಾಂ, ಅಂದ್ರೆ 200ರ ನಾಲ್ಕು ಮಾತ್ರೆ, ಎಚ್ಚರ ಇದ್ರೆ ನಾಲಗೆ ಕೆಳಗೆ, ನಿದ್ದೆಲಿದ್ರೆ ಗುದದ್ವಾರಕ್ಕೆ. ಚಳಿ ಜ್ವರ ಬರತ್ತೆ, ಹೆದರ್ಬೇಡಿ, ಕಂಬಳಿ ಹೊದೆಸಿ. ಅದರ ಜತೆಗೇ ಬಿಪಿ ಸರಿ ಇದ್ರೆ ಮೆಥರ್ಜಿನ್, ದಮ್ಮು ಇಲ್ದಿದ್ರೆ ಕಾರ್ಬೋಪ್ರೋಸ್ಟ್ 250 ಮೈಕ್ರೋಗ್ರಾಂ ಮಾಂಸಖಂಡಕ್ಕೆ, ಯಾವತ್ತೂ ನರಕ್ಕಲ್ಲ, ಬೇಕಾದ್ರೆ 15 ನಿಮಿಷಕ್ಕೆ ಇನ್ನೊಂದು, ಒಟ್ಟು 2 ಮಿಲಿಗ್ರಾಂ ಮೀರ್ಬಾರ್ದು. ಎರಡನೇ ಡೋಸ್‌ಗೂ ನಿಲ್ದಿದ್ರೆ ಎಂಟನೇ ಡೋಸ್‌ವರೆಗೆ ಎಣಿಸ್ತಾ ಕೂರ್ಬೇಡಿ. ಫೋಲೀಸ್ ಕ್ಯಾಥೆಟರ್ ಒಳಗೆ ಹಾಕಿ ಬಲೂನಿಗೆ 30ರಿಂದ 60 ಎಂಎಲ್ ನೀರು ತುಂಬಿದ್ರೆ ಈ ಸೈಜಿನ ಗರ್ಭಕೋಶಕ್ಕೆ ಎಷ್ಟೋ ಸಲ ಸಾಕಾಗತ್ತೆ.

ಮಗು ಹೊಟ್ಟೆಲೇ ತೀರಿಹೋಗಿ ಬಹಳ ದಿನ ಆಗಿದ್ರೆ, ಅಥವಾ ಬರ್ತಿರೋ ರಕ್ತ ಹೆಪ್ಪೇ ಕಟ್ಟದೆ ತೆಳ್ಳಗೆ ಹರೀತಿದ್ರೆ, ಲ್ಯಾಬ್ ರಿಪೋರ್ಟ್ ಬರೋವರೆಗೆ ಕಾಯ್ಬೇಡಿ. ಗಾಜಿನ ಸಾದಾ ಟ್ಯೂಬಿಗೆ 2 ಎಂಎಲ್ ರಕ್ತ ತಗೊಂಡು ಮುಷ್ಟಿಲಿ ಬೆಚ್ಚಗೆ ಹಿಡ್ಕೊಳ್ಳಿ, ನಾಲ್ಕು ನಿಮಿಷಕ್ಕೆ ಓರೆ ಮಾಡಿ ನೋಡಿ, ಆಮೇಲೆ ನಿಮಿಷಕ್ಕೊಂದು ಸಲ. ಏಳು ನಿಮಿಷ ಆದ್ರೂ ಗಟ್ಟಿ ಹೆಪ್ಪಾಗ್ಲಿಲ್ಲ ಅಂದ್ರೆ ಹೆಪ್ಪುಗಟ್ಟೋ ಗುಣ ಕೆಟ್ಟಿದೆ, ಪ್ಲಾಸ್ಮಾಗೆ, ರಕ್ತಕ್ಕೆ ಆಗಲೇ ಜನ ಓಡ್ಬೇಕು. ಈ ಟ್ಯೂಬ್ ಹಿಡಿಯೋ ಕೆಲಸ ನಾನು ಯಾವಾಗ್ಲೂ ಇಂಟರ್ನ್‌ಗೆ ಕೊಡ್ತೀನಿ, ಗಾಬರಿಲಿ ಅಡ್ಡಾಡೋದು ತಪ್ಪತ್ತೆ.

ಎಷ್ಟು ಹೋಯ್ತು ಅಂತ ಕಣ್ಣಂದಾಜಿಗೆ ಹೇಳ್ಬೇಡಿ, ಎಲ್ರೂ ಕಮ್ಮಿನೇ ಹೇಳ್ತಾರೆ. ಅಡುಗೆಮನೆ ತಕ್ಕಡಿ ಒಂದು ಓಟಿಲಿಟ್ಟು ಒದ್ದೆ ಮಾಪ್ ತೂಗಿ, ಒಣ ಮಾಪ್ ತೂಕ ಕಳೀರಿ, 1 ಗ್ರಾಂ ಅಂದ್ರೆ ಹೆಚ್ಚುಕಮ್ಮಿ 1 ಎಂಎಲ್. ನಾಡಿ ಬಡಿತದ ಸಂಖ್ಯೆನ ಬಿಪಿಯ ಮೇಲಿನ ಸಂಖ್ಯೆಯಿಂದ ಭಾಗಿಸಿ, ನಾಡಿ 110, ಬಿಪಿ 100 ಅಂದ್ರೆ 1.1, ಬಿಪಿ 100 ಇದೆ ಅಂತ ಸಮಾಧಾನ ಪಡೋ ಹಾಗಿಲ್ಲ, 0.9 ದಾಟಿದ್ರೇ ಎಚ್ಚೆತ್ಕೊಳ್ಬೇಕು.

ಮುಗಿದ ಮೇಲೆ

ಮೊದಲ ಎರಡು ಗಂಟೆ 15 ನಿಮಿಷಕ್ಕೊಂದು ಸಲ ನಾಡಿ, ಬಿಪಿ, ಪ್ಯಾಡ್, ಗರ್ಭಕೋಶ. ಪ್ಯಾಡ್ ನೋಡೋದು ಅಂದ್ರೆ ಬೆಡ್‌ಶೀಟ್ ಎತ್ತಿ ಕೆಳಗೂ ನೋಡೋದು, ರಕ್ತ ಪ್ಯಾಡ್‌ನ ಪಕ್ಕಕ್ಕೆ ಹರಿದು ಬೆನ್ನ ಕೆಳಗೆ ನಿಂತಿರತ್ತೆ. ಆರ್‌ಎಚ್ ನೆಗೆಟಿವ್ ಇದ್ರೆ ಆಂಟಿ ಡಿ ಇಂಜೆಕ್ಷನ್ ಮರೀಬೇಡಿ. ಕಬ್ಬಿಣದ ಮಾತ್ರೆ ಬರೀರಿ, ಹಿಮೋಗ್ಲೋಬಿನ್ ತೀರಾ ಕಮ್ಮಿ ಇದ್ರೆ ನರಕ್ಕೆ ಕೊಟ್ಟೇ ಕಳಿಸಿ. ಒಂದೆರಡು ದಿನ ಬಿಟ್ಟು ಎದೆಹಾಲು ಬರ್ಬಹುದು ಅಂತ ಮುಂಚೇನೇ ಹೇಳಿ, ಈ ತಿಂಗಳಲ್ಲಿ ಬರತ್ತೆ, ಯಾರೂ ಹೇಳಿರಲ್ಲ, ಮನೇಲಿ ಒಬ್ಬಳೇ ಕೂತು ಅಳ್ತಾಳೆ.

ಡಿಸ್ಚಾರ್ಜ್ ಮಾಡೋವಾಗ ನಾನು ಆಕೆಗೂ ಜತೆಗಿರೋರಿಗೂ ಒಟ್ಟಿಗೆ ಕೂರಿಸಿ ಹೇಳೋದು ಇಷ್ಟು: ಎರಡು ವಾರ ಸ್ವಲ್ಪ ಸ್ವಲ್ಪ ಹೋಗತ್ತೆ ಕಣಮ್ಮ, ಅದಕ್ಕೆ ಗಾಬರಿ ಬೇಡ. ಆದ್ರೆ ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು ಗಂಟೆ ನಡೆದ್ರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬೀಳ್ತಾ ಇದ್ರೆ, ಕಣ್ಣು ಕತ್ತಲೆ ಬಂದ್ರೆ, ಜ್ವರ, ಕೆಟ್ಟ ವಾಸನೆ ಬಂದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಆಮೇಲೆ ಗಂಡನ ಕಡೆ ತಿರುಗಿ "ಏನ್ ಹೇಳ್ದೆ, ಒಂದ್ಸಲ ನೀವು ಹೇಳಿ" ಅಂತೀನಿ. ಅವರು ಪ್ಯಾಡ್ ಅನ್ನೋ ಪದ ಬಾಯಿಬಿಟ್ಟು ಹೇಳೋವರೆಗೂ ಡಿಸ್ಚಾರ್ಜ್ ಚೀಟಿಗೆ ಸೈನ್ ಹಾಕಲ್ಲ.